ಫ್ರಾಸ್ಟ್‌ಮೋರ್ನ್: ಶಾಪ ಕತ್ತಿಗಾ, ಆರ್ಥಸ್‌ಗಾ? ಆಡಿದವರು ಅನುಭವ ಹೇಳಿ

ಶಿರಸಿ_ಮಾಣಿ
ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು, ಡಿಗ್ರಿ ಕೊನೆ ವರ್ಷ. ವಾರ್‌ಕ್ರಾಫ್ಟ್ 3 ಕಂಪ್ಯೂಟರ್ ಆಟದಲ್ಲಿ ಮನುಷ್ಯರ ಕ್ಯಾಂಪೇನ್ ಈಗಷ್ಟೇ ಮುಗಿಸಿದೆ. ರಾಜಕುಮಾರ ಆರ್ಥಸ್ ಸುತ್ತಿಗೆ ಬಿಟ್ಟು ಫ್ರಾಸ್ಟ್‌ಮೋರ್ನ್ ಕತ್ತಿ ಹಿಡಿಯುವ ಜಾಗದಲ್ಲಿ ತಲೆ ಕೆಟ್ಟುಹೋಯಿತು. ಕತ್ತಿ ಆತ್ಮ ಕದ್ದಿದ್ದಕ್ಕೇ ಅವನು ಹಾಳಾದ ಅನ್ನುವವರು ಕೆಲವರು, ಮೊದಲೇ ಹಾಳಾಗಿದ್ದ ಅನ್ನುವವರು ಕೆಲವರು. ಆ ಕತ್ತಿ ಮಾಡಿದ್ದು ಯಾರು ಅನ್ನೋದಕ್ಕೂ ಒಬ್ಬೊಬ್ಬರದು ಒಂದೊಂದು ಉತ್ತರ. ಗೆಳೆಯರ ಮುಂದೆ ಇದರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಯಾವ ಥಿಯರಿ ಹಿಡಿಯಲಿ? ಇದಕ್ಕಾಗಿ ಇದೇ ಕಥೆ ಮುಂದುವರಿಯುವ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ತಿಂಗಳಾ ತಿಂಗಳಾ ದುಡ್ಡು ಕಟ್ಟಬೇಕಾ, ವಿಡಿಯೊ ನೋಡಿದರೆ ಸಾಕಾ? ನನ್ನದು 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್, ಮನೆಯಲ್ಲಿ ನೆಟ್ ಅಷ್ಟಕ್ಕಷ್ಟೇ. ಒಂದು ತಿಂಗಳು ಸಮಯ ಇದೆ.

ಕೋಡಿಬಾಗ್_ಕಡಲು
ತಮ್ಮಾ, ವಿಡಿಯೊ ಮಾತು ಬಿಡು. ನಾನು ಇದನ್ನು ಆಡಿದ್ದು ಕಾರವಾರದ ಒಂದು ಸೈಬರ್ ಕೆಫೆಯಲ್ಲಿ, ಗಂಟೆಗೆ 25 ರೂಪಾಯಿ ಕೊಟ್ಟು. ಆಟ ಬಂದಿದ್ದು 2002ರಲ್ಲಿ, ಅದರ ಮುಂದಿನ ಭಾಗ ಫ್ರೋಜನ್ ಥ್ರೋನ್ 2003ರಲ್ಲಿ, ನಮ್ಮ ಕೈಗೆ ಸಿಗುವಾಗ ಇನ್ನೂ ತಡ. ಒಂದು ಮೆಷಿನ್ ಬಿಟ್ಟು ಉಳಿದ ಎಲ್ಲದರಲ್ಲೂ ಡೋಟಾ. ಅದೂ ಇದೇ ಆಟದ ಒಂದು ಮ್ಯಾಪ್, ಆದರೆ ಆ ಹುಡುಗರಿಗೆ ಕಥೆ ಬೇಡ, ಕೂಗಾಟ ಬೇಕು. ನನಗೆ ಸಿಗುತ್ತಿದ್ದದ್ದು ಬಾಗಿಲ ಪಕ್ಕದ ಮೆಷಿನ್. ಅದರ ಮೌಸ್ ಒಳಗಿನ ಉಂಡೆಗೆ ಕೊಳೆ ಹಿಡಿದು ಎಡಕ್ಕೆ ಮಾತ್ರ ನೆಟ್ಟಗೆ ಹೋಗುತ್ತಿತ್ತು, ಬಲಕ್ಕೆ ಹೋಗಬೇಕಂದ್ರೆ ಎತ್ತಿ ಕುಟ್ಟಬೇಕು. ಸೇವ್ ಮಾಡಿದ್ದು ಮರುದಿನ ಇರುತ್ತಿರಲಿಲ್ಲ. ಮಾಲೀಕನಿಗೆ ವೈರಸ್ ಅಂದ್ರೆ ಭಯ, ಎರಡು ದಿನಕ್ಕೊಮ್ಮೆ ಎಲ್ಲಾ ಅಳಿಸುತ್ತಿದ್ದ. ಅದಕ್ಕೇ ಸ್ಟ್ರಾಟ್‌ಹೋಮ್ ಮಿಷನ್ ನನಗೆ ಬಾಯಿಪಾಠ ಆಗಿದೆ.

ಅಲ್ಲೇ ಇದೆ ಉತ್ತರ. ಸೋಂಕು ತಗುಲಿದ ಊರು, ಜನ ಇನ್ನೂ ಹೆಣಗಳಾಗಿ ಎದ್ದಿಲ್ಲ. ಆರ್ಥಸ್‌ನ ಗುರು ಉಥರ್ ಬೇಡ ಅಂದ, ಗೆಳತಿ ಜೈನಾ ಬಿಟ್ಟುಹೋದಳು. ರಾಕ್ಷಸ ಮಾಲ್‌ಗಾನಿಸ್ ಎತ್ತಿಕೊಳ್ಳುವ ಮೊದಲು ನಾವು 100 ಜನರನ್ನು ಮುಗಿಸಬೇಕು. ನಾವು ಅಂದ್ರೆ ನಾವೇ, ಕ್ಲಿಕ್ ಮಾಡೋರು. ಆಮೇಲೆ ನಾರ್ತ್‌ರೆಂಡ್ ಎಂಬ ಹಿಮದ ನಾಡಲ್ಲಿ ಆರ್ಥಸ್ ತನ್ನ ಸೈನಿಕರು ಮನೆಗೆ ಹೋಗಬಾರದು ಅಂತ ಬಾಡಿಗೆ ಬಂಟರ ಕೈಲಿ ಹಡಗು ಸುಡಿಸಿ, ತಪ್ಪನ್ನು ಆ ಬಂಟರ ತಲೆಗೇ ಕಟ್ಟಿದ. ಆಗ ಕತ್ತಿ ಎಲ್ಲಿತ್ತು? ಮಂಜಿನೊಳಗೆ. ಕತ್ತಿಯ ಮೇಲೆ ಕೈ ಇಡುವ ಮೊದಲೇ ಅವನು ಮುಗಿದಿದ್ದ. ಇದೇ ಸರಿ, ಬೇರೆ ಏನೂ ಓದಬೇಡ.

ಕುಮಟಾ_ಲಿಚ್‌ರಾಣಿ
ಕೋಡಿಬಾಗ್ ಅಣ್ಣ, 2003ಕ್ಕೇ ನಿಂತುಬಿಟ್ಟಿದ್ದೀರಿ. ಕತ್ತಿಯೊಳಗೆ ಹೋಗಿ ಬಂದವರು ನಾವು, ಅದನ್ನೂ ಕೇಳಿ.

ನಾನು ವರ್ಷಗಟ್ಟಲೆ ಚಂದಾ ಕಟ್ಟಿದವಳು. ತಿಂಗಳಿಗೆ 14.99 ಡಾಲರ್. ಆಗಿನ ದರದಲ್ಲಿ 1,100 ರೂಪಾಯಿ ದಾಟುತ್ತಿತ್ತು. ಮೇಲೆ ಕಾರ್ಡಿನವರ ವಿದೇಶಿ ವಹಿವಾಟಿನ ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಅಂತ ನಮ್ಮನೆಯವರು ದಿನಾ ಆಡಿಕೊಳ್ಳುತ್ತಿದ್ದರು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ಲ, ತಾನಾಗಿ ದುಡ್ಡು ಕಡಿತ ಆಗುವುದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು ಅಂತ? ನನ್ನ ಕಾರ್ಡ್ ಅವತ್ತಿಂದ ಸತ್ತಿತು. ಬ್ಯಾಂಕಿಗೆ ಫೋನ್ ಮಾಡಿದರೆ "ಮೇಡಂ, ಯಾವ ಆಟ?" ಅಂತಾನೆ. ಕೊನೆಗೆ ಬೆಂಗಳೂರಲ್ಲಿರೋ ತಮ್ಮನ ಕಾರ್ಡಲ್ಲಿ ಕಟ್ಟಿ, ಅವನಿಗೆ ಯುಪಿಐ ಮಾಡಿ, ಅದರ ಲೆಕ್ಕ ಇನ್ನೂ ಹರಿದಿಲ್ಲ. ಯುರೋಪ್ ಸರ್ವರಿಗೆ ಇಲ್ಲಿಂದ ಪಿಂಗ್, ಅಂದ್ರೆ ಸರ್ವರ್ ಉತ್ತರ ಕೊಡಲಿಕ್ಕೆ ಹಿಡಿಯುವ ಹೊತ್ತು, 180 ಮಿಲಿಸೆಕೆಂಡಿನ ಆಸುಪಾಸು. ಮಳೆ ಬಂದರೆ ಅದನ್ನು ನೋಡಲೇಬಾರದು.

ಈಗ ಕತ್ತಿಗೆ ಬರ್ತೇನೆ. ಐಸ್‌ಕ್ರೌನ್ ಕೋಟೆ ಬಂದಿದ್ದು 2009ರ ಡಿಸೆಂಬರ್‌ನಲ್ಲಿ. ಲಿಚ್ ಕಿಂಗ್ (ಕತ್ತಿ ಹಿಡಿದ ಆರ್ಥಸ್ ಕೊನೆಗೆ ಆದ ಹೆಣಗಳ ದೊರೆ) ಜೊತೆಗಿನ ಕಾಳಗದ ಕೊನೆಯ ಹಂತದಲ್ಲಿ ಒಬ್ಬೊಬ್ಬರ ಆತ್ಮ ಎಳೆದು ಕತ್ತಿಯೊಳಗೆ ಹಾಕುತ್ತಾನೆ. ಅಲ್ಲಿ ಆರ್ಥಸ್‌ನ ಅಪ್ಪ ಟೆರೆನಾಸ್ ನಿಂತಿದ್ದಾನೆ, ಮಗ ಕೊಂದ ಅಪ್ಪ, ಅದೇ ಕತ್ತಿಯೊಳಗೆ. ಅವನ ಜೊತೆ ನಿಂತು ಹೋರಾಡಿ ಹೊರಬರಬೇಕು. ಲಿಚ್ ಕಿಂಗ್‌ನ ಜೀವ ಶೇಕಡಾ 10ಕ್ಕೆ ಇಳಿದಾಗ ಒಂದೇ ಏಟಿಗೆ ಎಲ್ಲರನ್ನೂ ಕೊಲ್ಲುತ್ತಾನೆ. ನಮ್ಮ ಕಡೆಯ ಟಿರಿಯನ್ ತನ್ನ ಕತ್ತಿ ಆ್ಯಶ್‌ಬ್ರಿಂಗರ್‌ನಿಂದ ಹೊಡೆದು ಫ್ರಾಸ್ಟ್‌ಮೋರ್ನ್ ಮುರಿದ ಮೇಲೆ ಅದೇ ಟೆರೆನಾಸ್ ನಮ್ಮನ್ನು ಎಬ್ಬಿಸುತ್ತಾನೆ. ಕತ್ತಿ ಸುಮ್ನೆ ಕಬ್ಬಿಣ ಆಗಿದ್ದರೆ ಇದೆಲ್ಲ ಯಾಕೆ? ಅದಕ್ಕೆ ಹಸಿವಿದೆ. ಮೊದಲ ತುತ್ತು ಆರ್ಥಸ್‌ನೇ. ಹಡಗು ಸುಟ್ಟವನು ಸಿಟ್ಟಿನ ಹುಡುಗ. ಅಪ್ಪನನ್ನು ಸಿಂಹಾಸನದ ಮುಂದೆ ಇರಿದವನು ಬೇರೆಯೇ. ನಡುವೆ ಆಗಿದ್ದು ಒಂದೇ, ಕತ್ತಿ.

ಅಂದ ಹಾಗೆ ಅವನ ಕುದುರೆ ಇನ್‌ವಿನ್ಸಿಬಲ್, ಆ ಕೋಟೆಯಲ್ಲೇ ಸಿಗೋದು, ಇನ್ನೂ ನನಗೆ ಸಿಕ್ಕಿಲ್ಲ. ಪ್ರತಿ ಬುಧವಾರ ರೀಸೆಟ್ ಆದ ಕೂಡಲೇ ಹೋಗ್ತಿದ್ದೆ. ನನ್ನ ಹಿಂದೆ ಸೇರಿದವಳಿಗೆ ಮೊದಲ ಸಲಕ್ಕೇ ಬಿತ್ತು. ಆಮೇಲೆ ಅವಳ ಜೊತೆ ಮಾತು ಕಡಿಮೆ.

ಯಲ್ಲಾಪುರ_ಘಟ್ಟ
ನಿಮ್ಮಿಬ್ಬರದೂ ಹಳೆ ಕಥೆ. 2020ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹೊಸ ಭಾಗ ಶ್ಯಾಡೊಲ್ಯಾಂಡ್ಸ್, ಸತ್ತವರ ಲೋಕದ ಕಥೆ, ಬಂತು, ಅದಕ್ಕೆ 39.99 ಡಾಲರ್ ಕೊಟ್ಟವನು ನಾನು. ಚಂದಾ ಬೇರೆ. ಡೌನ್‌ಲೋಡ್ ಆಗಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು ಅಂತ ಕೇಳಬೇಡಿ. ಲಾಕ್‌ಡೌನ್ ಕಾಲ, ಊರಿಗೆ ಊರೇ ಮನೆಯಿಂದ ಕೆಲಸ ಮಾಡ್ತಿತ್ತು, ನಮ್ಮ ಗುಡ್ಡದ ಟವರ್ ಒಂದೇ. ರಾತ್ರಿ ಒಂದು ಗಂಟೆ ಮೇಲೆ ಮಾತ್ರ ಸ್ಪೀಡ್. ಮೊಬೈಲನ್ನು ಕೊಟ್ಟಿಗೆಯ ಮಾಡಿನ ಪಕಾಸಿಗೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಹಾಟ್‌ಸ್ಪಾಟ್ ಹಚ್ಚಿ, ಕೆಳಗೆ ಹುಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಿದ್ದೆ. ಕರೆಂಟ್ ಹೋದರೆ ಇನ್ವರ್ಟರ್, ಇನ್ವರ್ಟರ್ ಹೋದರೆ ಅಪ್ಪನ ಬೈಗುಳ. ಆ ವರ್ಷವೇ ಬ್ಯಾಟರಿ ಹೋಯ್ತು, ಹೊಸದಕ್ಕೆ ಎಂಟು ಸಾವಿರ.

ಇಷ್ಟೆಲ್ಲ ಮಾಡಿ ನೋಡಿದ್ದೇನು? ಕತ್ತಿಯನ್ನೂ ಲಿಚ್ ಕಿಂಗ್‌ನ ಶಿರಸ್ತ್ರಾಣವನ್ನೂ ಮಾಡಿದ್ದು ಸತ್ತವರ ಲೋಕದ ರೂನ್‌ಕಾರ್ವರ್ ಅಂತೆ. ಅವನೇ ಪ್ರೈಮಸ್ ಅಂತೆ. ಮಾಡಿಸಿದ್ದು ಅಲ್ಲಿನ ಖಳನಾಯಕ ಜೈಲರ್ ಅಂತೆ. ಇಷ್ಟು ವರ್ಷ ನಾವು ಮೊದಲ ಲಿಚ್ ಕಿಂಗ್ ನೆರ್‌ಝುಲ್, ಡ್ರೆಡ್‌ಲಾರ್ಡ್ಸ್ ಎಂಬ ರಾಕ್ಷಸರು ಅಂತ ತಲೆ ಕೆಡಿಸಿಕೊಂಡಿದ್ದು ದಂಡ. 2022ರ ಫೆಬ್ರವರಿ ಪ್ಯಾಚಲ್ಲಿ ಆರ್ಥಸ್‌ನ ಆತ್ಮದ ಕೊನೆಯ ಚೂರು ಒಂದು ಸಣ್ಣ ಬೆಳಕಾಗಿ ಎರಡು ನಿಮಿಷ ಕಾಣಿಸಿ ಆರಿಹೋಯಿತು. ಇಷ್ಟಕ್ಕಾ ನನ್ನ ಎಂಟು ಸಾವಿರ? ಆದರೂ ಬರೆದವರು ಹಾಗೆ ಬರೆದಿದ್ದಾರೆ ಅಂದ ಮೇಲೆ ಅದೇ ಅಧಿಕೃತ. ಮಾಣಿ, ನೀನು ಅದನ್ನೇ ಹೇಳಬೇಕು. ಇಷ್ಟವೋ ಇಲ್ಲವೋ.

ಕೋಡಿಬಾಗ್_ಕಡಲು
ಘಟ್ಟದವರೇ, ದುಡ್ಡು ಕೊಟ್ಟಿದ್ದೀರಿ ಅಂತ ಆ ಕಥೆ ನಿಜ ಆಗುತ್ತಾ? ಫ್ರೋಜನ್ ಥ್ರೋನ್‌ನಲ್ಲಿ ನೆರ್‌ಝುಲ್ ಸ್ವತಃ ಹೇಳುತ್ತಾನೆ, ಕತ್ತಿಯನ್ನು ಮಂಜಿನ ಸಿಂಹಾಸನದಿಂದ ಹೊರಗೆ ತಳ್ಳಿದ್ದು ತಾನೇ, ಅದಕ್ಕೇ ಬಿರುಕು ಬಿದ್ದು ಶಕ್ತಿ ಸೋರುತ್ತಿದೆ ಅಂತ. ಅದು ಗಾಳ. ಮೀನು ತಾನಾಗಿ ಬಂದು ಕಚ್ಚಿತು. ಗಾಳದ ಮೊನೆ ಎರಕ ಹೊಯ್ದಿದ್ದು ಯಾರು ಅಂತ ತಿಳಿದು ಏನು ಮಾಡ್ತೀರಿ?

ಯಲ್ಲಾಪುರ_ಘಟ್ಟ
ಗಂಟೆಗೆ 25 ರೂಪಾಯಿ ಕೊಟ್ಟವರು 39.99 ಡಾಲರ್ ಕೊಟ್ಟವರಿಗೆ ಪಾಠ ಹೇಳಬೇಡಿ.

ಕೋಡಿಬಾಗ್_ಕಡಲು
ಆಗಿನ 25 ರೂಪಾಯಿ ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಬಸ್ಸಿಗೆ ಅಂತ ಮನೆಯಲ್ಲಿ ಕೊಟ್ಟ ದುಡ್ಡು ಅದು. ಕೋಡಿಬಾಗ್‌ನಿಂದ ಪೇಟೆಗೆ ನಡೆದು ಹೋಗ್ತಿದ್ದೆ.

ಗುಣವಂತೆ_ಚಂಡೆ
ಜಗಳ ನಿಲ್ಲಿಸಿ ಮಾರಾಯ್ರೆ. ನಾನು ಆಟ ಆಡಿದ್ದು ಕಡಿಮೆ, ಮಗ ಆಡ್ತಾನೆ, ಹಿಂದೆ ಕೂತು ನೋಡಿದ್ದೇನೆ. ಆರ್ಥಸ್ ಕತ್ತಿ ಹಿಡಿಯುವ ಗವಿಯ ದೃಶ್ಯ ನನಗೆ ಇಷ್ಟ. ಕತ್ತಿ ನೀಲಿ ಮಂಜಿನಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿದೆ. ಕೆಳಗೆ ಬರೆದದ್ದನ್ನು ಜೊತೆಗಿದ್ದ ಕುಳ್ಳ ಮುರಾಡಿನ್ ಓದುತ್ತಾನೆ, ಇದು ಮೈ ಸೀಳುವ ಹಾಗೆ ಶಕ್ತಿ ಮನಸ್ಸನ್ನೂ ಗಾಯ ಮಾಡುತ್ತದೆ ಅಂತ. ಶಾಪ ಇದೆ, ಹೋಗೋಣ ಅಂತಾನೆ. ಆರ್ಥಸ್ ಕೇಳುವುದಿಲ್ಲ. ಊರು ಉಳಿಸಲಿಕ್ಕೆ ಯಾವ ಶಾಪವಾದರೂ ಹೊರುತ್ತೇನೆ ಅಂತಾನೆ. ಮಂಜು ಸಿಡಿದು ಚೂರು ಹೊಡೆದು ಮುರಾಡಿನ್ ಬಿದ್ದ. ಇವನು ಎತ್ತಲಿಕ್ಕೆ ಬಗ್ಗಿದವನು, ಕತ್ತಿ ಕರೆದ ಕೂಡಲೇ ಬಿಟ್ಟು ಎದ್ದ. ಸುತ್ತಿಗೆ ಅಲ್ಲೇ ನೆಲದ ಮೇಲೆ.

ಇದನ್ನೇ ನಾವು ತಾಳಮದ್ದಳೆಯಲ್ಲಿ ಇಡೀ ರಾತ್ರಿ ವಾದಿಸುತ್ತೇವೆ. ಪರಶುರಾಮರ ಶಾಪ ಕರ್ಣನಿಗೋ, ಅಸ್ತ್ರಕ್ಕೋ? ಪದ್ಯ ಒಂದೇ, ಅರ್ಥ ಹೇಳುವವನು ತನಗೆ ಬೇಕಾದ ಹಾಗೆ ಕರ್ಣನನ್ನು ನಿಲ್ಲಿಸುತ್ತಾನೆ. ಎದುರಿನ ಅರ್ಥಧಾರಿ ಬಿಡುವುದಿಲ್ಲ. ಮಾಣಿ, ನೀನೂ ಹಾಗೇ ಮಾಡು. ಒಬ್ಬನನ್ನು ಆರ್ಥಸ್ ಪರ ಕೂರಿಸು, ಇನ್ನೊಬ್ಬನನ್ನು ಉಥರ್ ಪರ. ನೀನು ಮಧ್ಯೆ ಬಾಯಿ ಹಾಕಬೇಡ.

ಕುಮಟಾ_ಲಿಚ್‌ರಾಣಿ
ಕರ್ಣನನ್ನೂ ಆರ್ಥಸ್‌ನನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ದಯವಿಟ್ಟು. ಕರ್ಣ ಗುರುವಿಗೆ ಸುಳ್ಳು ಹೇಳಿದ, ಅಪ್ಪನನ್ನು ಕೊಲ್ಲಲಿಲ್ಲ.

ಗುಣವಂತೆ_ಚಂಡೆ
ತಂಗೀ, ತಮ್ಮಂದಿರ ಮೇಲೆ ಬಾಣ ಬಿಟ್ಟವನು. ಅವರು ತಮ್ಮಂದಿರು ಅಂತ ಗೊತ್ತಿದ್ದೂ. ಅದನ್ನು ಬಿಟ್ಟು ಯಾಕೆ ಹೇಳ್ತೀಯ?

ಕುಮಟಾ_ಲಿಚ್‌ರಾಣಿ
ಅರ್ಜುನನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಕೊಲ್ಲುವುದಿಲ್ಲ ಅಂತ ಕುಂತಿಗೆ ಮಾತು ಕೊಟ್ಟಿದ್ದ, ಉಳಿಸಿಕೊಂಡ. ನೀವು ಚಂಡೆ ಬಾರಿಸಿ, ಅರ್ಥ ನಾವು ಹೇಳ್ತೇವೆ.

ಅಂಕೋಲಾ_ಕೊಡಲಿ
ಕರ್ಣನನ್ನು ಬಿಡಿ, ಸುತ್ತಿಗೆಯ ಮಾತು ಬಂತಲ್ಲ, ಅದಕ್ಕೆ ಬಂದೆ. ಎಲ್ಲರೂ ಕತ್ತಿ ಕತ್ತಿ ಅಂತೀರಿ. ಆರ್ಥಸ್ ಬಿಸಾಡಿದ ಆ ಸುತ್ತಿಗೆ, ಲೈಟ್ಸ್ ವೆಂಜನ್ಸ್, ಏನಾಯ್ತು ಅಂತ ಯಾರಿಗಾದರೂ ನೆನಪಿದೆಯಾ? ಅದನ್ನು ಹುಡುಕಿ ತಂದು, 25 ಪ್ರೈಮೋರ್ಡಿಯಲ್ ಸರೋನೈಟ್ ಸೇರಿಸಿ, ಎರಡು ರಾಕ್ಷಸರ ಆಮ್ಲದ ರಕ್ತ ತಂದರೆ ಶ್ಯಾಡೋಸ್ ಎಡ್ಜ್ ಆಗುತ್ತದೆ. ಆಮೇಲೆ ಅದರಿಂದ 1000 ಆತ್ಮ ತಿನ್ನಿಸಬೇಕು, ಮೂರು ಬಗೆಯ ಶಕ್ತಿ ತುಂಬಿಸಬೇಕು, ಕೊನೆಗೆ 50 ಶ್ಯಾಡೋಫ್ರಾಸ್ಟ್ ಚೂರು. ಆಗ ಶ್ಯಾಡೋಮೋರ್ನ್. ಪವಿತ್ರವಾದ ಸುತ್ತಿಗೆಯನ್ನೇ ಕರಗಿಸಿ ಆತ್ಮ ತಿನ್ನುವ ಕೊಡಲಿ ಮಾಡಿದ್ದು ನಾವು, ಒಳ್ಳೆಯವರ ಕಡೆಯವರು. ಈಗ ಹೇಳಿ, ಶಾಪ ಯಾರಿಗೆ?

ನಮ್ಮ ಗಿಲ್ಡಲ್ಲಿ, ಅಂದ್ರೆ ಒಟ್ಟಿಗೆ ಆಡುವ ತಂಡದಲ್ಲಿ, ಚೂರು ಹಂಚುವಾಗ ನಾನು ಮುಂದಿದ್ದೆ, 50ರಲ್ಲಿ 43 ಬಂದಿತ್ತು. ಅಷ್ಟರಲ್ಲಿ ಗಿಲ್ಡ್ ಲೀಡರ್ ತನ್ನ ಡೆತ್ ನೈಟ್ ಪಾತ್ರಕ್ಕೆ ಬೇಕು ಅಂತ ಕೂತ. ಸರದಿ ಬದಲಾಯ್ತು. ಆ ಮನುಷ್ಯ ಎಲ್ಲೇ ಇರಲಿ, ಅವನ ಪಿಂಗ್ 900 ಆಗಲಿ.

ಯಲ್ಲಾಪುರ_ಘಟ್ಟ
ಅದು ಕೊಡಲಿ. ಕೇಳಿದ್ದು ಕತ್ತಿ.

ಅಂಕೋಲಾ_ಕೊಡಲಿ
ಕೇಳಿದ್ದು ಶಾಪ. ಪ್ರಶ್ನೆ ಮತ್ತೊಮ್ಮೆ ಓದಿ.

ಶಿರಸಿ_ಮಾಣಿ
ಎಲ್ಲರಿಗೂ ಥ್ಯಾಂಕ್ಸ್. ಆದರೆ ದುಡ್ಡು ಕಟ್ಟಬೇಕಾ ಬೇಡವಾ ಅಂತ ಇನ್ನೂ ಗೊತ್ತಾಗಲಿಲ್ಲ. ಇನ್ನೊಂದು ಪ್ರಶ್ನೆ: ಉಥರ್ ಆತ್ಮ ಕತ್ತಿಯೊಳಗೆ ಇತ್ತಲ್ಲ, ಮತ್ತೆ ಶ್ಯಾಡೊಲ್ಯಾಂಡ್ಸಲ್ಲಿ ಹೇಗೆ ಬಂದ?

ಕುಮಟಾ_ಲಿಚ್‌ರಾಣಿ
ಕತ್ತಿ ಅವನ ಆತ್ಮವನ್ನು ಎರಡು ಮಾಡಿತು. ಒಂದು ಚೂರು ಒಳಗೇ ಉಳಿಯಿತು, ಇನ್ನೊಂದು ಸತ್ತವರ ಲೋಕದ ಬ್ಯಾಸ್ಟಿಯನ್‌ಗೆ ಹೋಯಿತು. ಹೋದ ಚೂರು ಸಿಟ್ಟಿನಲ್ಲಿ ಆರ್ಥಸ್‌ನ ಆತ್ಮವನ್ನು ಹಿಡಿದು ಮಾ ಎಂಬ ನರಕಕ್ಕೆ ಎಸೆಯಿತು. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಉಥರ್‌ನಂಥವನನ್ನೇ ಹೀಗೆ ಮಾಡಿದ ಕತ್ತಿ, ಇಪ್ಪತ್ತು ದಾಟಿದ ಹುಡುಗನನ್ನು ಬಿಡುತ್ತಾ?

ಕೋಡಿಬಾಗ್_ಕಡಲು
ಉಥರ್ ಅವನನ್ನು ಎಸೆದಿದ್ದು ಕೋಪಕ್ಕೆ, ಕತ್ತಿಗಾಗಿ ಅಲ್ಲ. ಸ್ಟ್ರಾಟ್‌ಹೋಮ್‌ನ ಕೋಪ ಅದು. ಮತ್ತೆ ನನ್ನ ಕಡೆಗೇ ಬಂತು ನೋಡಿ.

ಅಂಕೋಲಾ_ಕೊಡಲಿ
ಮಾಣಿ, ದುಡ್ಡಿನ ಮಾತಿಗೆ ಇವರು ಯಾರೂ ಉತ್ತರ ಕೊಡೋದಿಲ್ಲ. 20ನೇ ಲೆವೆಲ್‌ವರೆಗೆ ಬಿಟ್ಟಿ ಆಡಬಹುದು, ಆದರೆ ಅಷ್ಟರಲ್ಲಿ ಐಸ್‌ಕ್ರೌನ್ ಕೋಟೆಯೊಳಗೆ ಹೋಗೋದಕ್ಕೆ ಆಗೋದಿಲ್ಲ. ಚಂದಾ ಕಟ್ಟಿದರೆ ಹಳೆಯ ಭಾಗಗಳೆಲ್ಲ ಅದರಲ್ಲೇ ಬರುತ್ತವೆ, ಶ್ಯಾಡೊಲ್ಯಾಂಡ್ಸ್‌ಗೆ ಈಗ ಬೇರೆ ದುಡ್ಡಿಲ್ಲ.

ಯಲ್ಲಾಪುರ_ಘಟ್ಟ
ಈಗ ಚಂದಾದಲ್ಲೇ ಬರುತ್ತೆ! ನಾನು ಕೊಟ್ಟ 39.99 ಡಾಲರ್ ಯಾರಿಗೆ ಕೇಳಲಿ?

ಕೋಡಿಬಾಗ್_ಕಡಲು
ತಮ್ಮಾ, ಫ್ರೋಜನ್ ಥ್ರೋನ್ ಮೊದಲು ಆಡು, ಅದನ್ನು ಆಡದೆ ಮಾತಿಗೆ ನಿಲ್ಲಬೇಡ. ನನ್ನ ಹತ್ತಿರ ಒರಿಜಿನಲ್ ಸಿಡಿ ಇದೆ, ಬಾಕ್ಸ್ ಸಮೇತ. ಕುಮಟಾಕ್ಕೆ ಹೋಗುವವರ ಕೈಲಿ ಕೊಟ್ಟು ಕಳಿಸ್ತೇನೆ, ಅಲ್ಲಿಂದ ದೇವಿಮನೆ ಘಾಟಿ ಹತ್ತಿ ಬರೋರು ಯಾರಾದರೂ ಇದ್ದರೆ ಹೇಳಿ.

ಶಿರಸಿ_ಮಾಣಿ
ಅಣ್ಣ, ಲ್ಯಾಪ್‌ಟಾಪಲ್ಲಿ ಸಿಡಿ ಡ್ರೈವ್ ಇಲ್ಲ. ಮತ್ತೆ ನನ್ನ ಹತ್ತಿರ ಇರೋ ರೀಫೋರ್ಜ್ಡ್‌ನಲ್ಲೇ, ಅದೇ ಆಟದ ಹೊಸ ರೂಪದಲ್ಲೇ, ಫ್ರೋಜನ್ ಥ್ರೋನ್ ಇದೆ.

ಕೋಡಿಬಾಗ್_ಕಡಲು
ರೀಫೋರ್ಜ್ಡಾ? ಅದನ್ನು ಮೊದಲೇ ಹೇಳಬಾರದಾ? ಅದರಲ್ಲಿ ಮೂಲದ ರುಚಿ ಇಲ್ಲ. ನಮ್ಮ ಹಳೆ ಆಟದಲ್ಲಿ ಆ ಗವಿ ಹೇಗಿತ್ತು ಗೊತ್ತಾ...

ಯಲ್ಲಾಪುರ_ಘಟ್ಟ
ಶುರುವಾಯ್ತು. ಇನ್ನು ಸೈಬರ್ ಕೆಫೆಯ ಮೌಸ್ ಬರುತ್ತದೆ.