ಪದಚರ್ಚೆ: ‘ಗಟ್ಟಿ ಆಯಿಲ್’, ‘ಬೆರಕೆ ಪೆಟ್ರೋಲ್’ – ಹಳೇ ಲಾರಿಯ ಸೂಚನೆಗೆ ಯಾವ ಮಾತು ಸರಿ?

ಎಲ್ಲರಿಗೂ ನಮಸ್ಕಾರ.

ಹಳೆಯ ಪೆಟ್ರೋಲ್ ಲಾರಿಯೊಂದಕ್ಕೆ ಯಾವ ಪೆಟ್ರೋಲ್, ಯಾವ ಎಂಜಿನ್ ಆಯಿಲ್ ಹಾಕಬೇಕು ಅಂತ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಗಾಡಿ ನಮ್ಮ ಚಿಕ್ಕಪ್ಪನವರದು. ಮಹೀಂದ್ರದ ಹಳೇ ಜೀಪ್ ಲಾರಿ, ಹರಿಕೇನ್ ಅನ್ನುವ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವಂಥದ್ದು. ಈಗಲೂ ನರ್ಸರಿಯಿಂದ ಗಿಡ, ಗೊಬ್ಬರ ಹೊತ್ತು ಬೆಂಗಳೂರಿನ ಒಳಗೆ ಓಡಾಡುತ್ತದೆ. ಅದನ್ನು ಓಡಿಸುವ ಅಣ್ಣ ಕನ್ನಡ ಚೆನ್ನಾಗಿ ಓದುತ್ತಾರೆ. ಗಾಡಿಯ ಕೈಪಿಡಿ ಮಾತ್ರ ಇಂಗ್ಲಿಷಿನಲ್ಲಿದೆ.

ಬಿಡಿಭಾಗಗಳ ಹೆಸರಿನಲ್ಲಿ ನನಗೆ ತಕರಾರಿಲ್ಲ. ಕಾರ್ಬುರೇಟರ್, ಚೋಕ್, ಜೆಟ್, ಫ್ಲೋಟ್ ಹಾಗೇ ಇರಲಿ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳುವಾಗ ಬಾಯಿಗೆ ಬರುವ ಮಾತೇ ಕಾಗದದ ಮೇಲೂ ಇರಬೇಕು. ತೊಡಕಿರುವುದು ಗುಣವನ್ನು ಹೇಳುವ ಮಾತುಗಳಲ್ಲಿ. ಅಲ್ಲಿ ಮಾತು ತಪ್ಪಿದರೆ ಗಾಡಿಗೆ ಬೀಳುವ ಆಯಿಲ್ಲೂ ತಪ್ಪುತ್ತದೆ.

ಮೊದಲು ಆಯಿಲ್. ‘ಎಂಜಿನ್ ಎಣ್ಣೆ’ ಅಂತ ಬರೆದು ನೋಡಿದೆ. ಬೆಂಗಳೂರಿನಲ್ಲಿ ಸುಮ್ನೆ ‘ಎಣ್ಣೆ’ ಅಂದರೆ ಜನರಿಗೆ ಹೊಳೆಯುವುದು ಬೇರೆ. ‘ಕೀಲೆಣ್ಣೆ’ ಒಳ್ಳೆಯ ಪದ. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಗೆ ನಮ್ಮ ಹಿರಿಯರು ಹಾಗೇ ಅನ್ನುತ್ತಿದ್ದರು. ಅಂಥ ಕೆಲಸಕ್ಕೆ ಹರಳೆಣ್ಣೆ ಒದಗುತ್ತಿತ್ತು. ಕ್ಯಾಸ್ಟ್ರಾಲ್ ಅನ್ನುವ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಆದರೂ ಡಬ್ಬಿ ಕೊಳ್ಳುವವರು ಕೇಳುವುದು ‘ಆಯಿಲ್’. ಅದನ್ನೇ ಇಟ್ಟುಕೊಂಡಿದ್ದೇನೆ.

ಕಷ್ಟ ಶುರುವಾಗುವುದು ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಗುಣದ ಹತ್ತಿರ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ‘ಸ್ನಿಗ್ಧತೆ’ ಎಂದಿದೆ. ಸಂಸ್ಕೃತದಲ್ಲಿ ಸ್ನಿಗ್ಧ ಅಂದರೆ ಜಿಡ್ಡಿರುವುದು, ನುಣುಪಾದದ್ದು. ಜೇನುತುಪ್ಪದಲ್ಲಿ ಎಣ್ಣೆಯ ಜಿಡ್ಡೇ ಇಲ್ಲ, ಆದರೂ ಅದು ನಿಧಾನವಾಗಿ ಹರಿಯುತ್ತದೆ. ಇಲ್ಲಿ ಅಳೆಯುತ್ತಿರುವುದು ಆ ನಿಧಾನವನ್ನು, ಜಿಡ್ಡನ್ನಲ್ಲ. ಎಂಜಿನ್ ಆಯಿಲಿನಲ್ಲಿ ಈ ಎರಡೂ ಗುಣ ಬೇರೆಬೇರೆಯಾಗಿ ಬೇಕಾಗುತ್ತವೆ. ಹಾಗಾಗಿ ‘ಸ್ನಿಗ್ಧತೆ’ ಇಲ್ಲಿ ಗೊಂದಲ ಹುಟ್ಟಿಸುತ್ತದೆ ಅನ್ನುವುದು ನನ್ನ ಅನಿಸಿಕೆ.

ಗ್ಯಾರೇಜಿನ ಮಾತು ‘ಗಟ್ಟಿ ಆಯಿಲ್’, ‘ತೆಳು ಆಯಿಲ್’. ತಟ್ಟನೆ ತಿಳಿಯುತ್ತದೆ. ಆದರೆ ಕನ್ನಡದಲ್ಲಿ ಗಟ್ಟಿ ಅಂದರೆ ಬಲವಾದದ್ದು ಅಂತಲೂ ಆಗುತ್ತದಲ್ವಾ? ಗಟ್ಟಿ ಗೋಡೆ, ಗಟ್ಟಿ ಮನುಷ್ಯ. ಹಾಗಾಗಿ ಗಟ್ಟಿ ಆಯಿಲ್ ಅಂದರೆ ಎಂಜಿನ್ ಕಾಪಾಡುವ ಆಯಿಲ್ ಎಂದೇ ಜನ ತಿಳಿಯುತ್ತಾರೆ. ಗಾಡಿ ಆಯಿಲ್ ತಿನ್ನಲು ಶುರು ಮಾಡಿದರೆ ಇನ್ನೂ ಗಟ್ಟಿಯದನ್ನು ಹುಡುಕುತ್ತಾರೆ. ಬೋರು, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದ್ದಾಗ ಅದರಿಂದ ಹೊಗೆ ಕೊಂಚ ಕಡಿಮೆಯಾಗಬಹುದು. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆ ಆಯಿಲ್ ಬೇರಿಂಗುಗಳಿಗೆ ತಲುಪುವುದು ತಡ. ಎಂಜಿನ್ ಜಾಸ್ತಿ ಸವೆಯುವುದೇ ಆ ಹೊತ್ತಿನಲ್ಲಿ.

ನಾನು ಯೋಚಿಸಿರುವ ಮಾತು ‘ಮಂದ’. ದ್ರವಕ್ಕೆ ನಾವು ಈಗಾಗಲೇ ಬಳಸುತ್ತೇವೆ. ನಿಧಾನ ಅನ್ನುವ ಅರ್ಥ ಒಳಗೇ ಇದೆ. ‘ಈ ಆಯಿಲ್ ಹೆಚ್ಚು ಮಂದ’ ಅಂದಾಗ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮಂದ ಬುದ್ಧಿ, ಮಂದ ಬೆಳಕು ಅನ್ನುವ ಬಳಕೆಗಳಿಂದಾಗಿ ಇದು ಕಳಪೆ ಮಾಲು ಅಂತ ಕೇಳಿಸೀತೇ? ಆ ಅನುಮಾನ ಒಂದಿದೆ.

ಇನ್ನು ಡಬ್ಬಿಯ ಮೇಲಿನ ಅಂಕಿ. ಈ ಎಂಜಿನ್ನಿಗೆ ನಮ್ಮ ಹವೆಯಲ್ಲಿ 20ಡಬ್ಲ್ಯೂ-50 ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲಿ ‘ಟ್ವೆಂಟಿ ಫಿಫ್ಟಿ’ ಅಂದರೆ ಸಾಕು. ಡಬ್ಲ್ಯೂ ಅಂದರೆ ತೂಕ ಅಂತ ತುಂಬಾ ಜನ ನಂಬಿದ್ದಾರೆ. ಅದು ಚಳಿಗಾಲದ ಗುರುತು. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಅಂತ ಹೇಳುತ್ತದೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೇಗಿರುತ್ತದೆ ಅಂತ. 20ಡಬ್ಲ್ಯೂ ಆಯಿಲಿಗೆ ಸ್ಟಾರ್ಟಿಂಗ್ ಪರೀಕ್ಷೆ ಮಾಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಬೆಂಗಳೂರಿನ ಡಿಸೆಂಬರ್ ಬೆಳಗು ಇದಕ್ಕೆ ಲೆಕ್ಕಕ್ಕೇ ಇಲ್ಲ. ಇವನ್ನು ‘ಚಳಿ ಅಂಕಿ’, ‘ಬಿಸಿ ಅಂಕಿ’ ಅಂತ ಕರೆದಿದ್ದೇನೆ. ‘ಬಿಸಿ ಅಂಕಿ 50’ ಅಂದರೆ 50 ಡಿಗ್ರಿ ಶಾಖ ಅಂತ ಓದಿಕೊಳ್ಳುವ ಸಾಧ್ಯತೆ ಇದೆಯೇ, ನೋಡಿ ಹೇಳಿ.

ಆಯಿಲಿಗೆ ಬೇಕಾದ ಇನ್ನೊಂದು ಗುಣ, ಅಂದರೆ ಆಯಿಲಿನ ಪೊರೆ ಹರಿದ ಕಡೆ ಲೋಹ ಲೋಹವನ್ನು ತಿನ್ನದಂತೆ ಕಾಯುವುದು, ಬರುವುದು ಸತು ಮತ್ತು ರಂಜಕ ಇರುವ ಒಂದು ಸೇರ್ಪಡೆಯಿಂದ. ಹಳೇ ಎಂಜಿನ್ನುಗಳಲ್ಲಿ ವಾಲ್ವ್ ಎತ್ತುವ ಕ್ಯಾಮ್ ಮೇಲೆ ಟ್ಯಾಪೆಟ್ ಅನ್ನುವ ಭಾಗ ಉಜ್ಜಿಕೊಂಡೇ ಓಡುತ್ತದೆ, ಹಾಗಾಗಿ ಇದು ಬೇಕೇ ಬೇಕು. ಹೊಸ ಕಾರುಗಳ ಹೊಗೆ ಕೊಳವೆಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ 5ಡಬ್ಲ್ಯೂ-30ಯಂಥ ತೆಳು ಆಯಿಲುಗಳಲ್ಲಿ ರಂಜಕಕ್ಕೆ ಮಿತಿ ಹಾಕಿದ್ದಾರೆ. 20ಡಬ್ಲ್ಯೂ-50ಗೆ ಆ ಮಿತಿ ಇಲ್ಲ. ಇದಕ್ಕೆ ‘ಸವೆತ ತಡೆ’ ಅಂತ ಬರೆದೆ. ಇದರಲ್ಲಿ ನನಗೆ ಅಳುಕಿಲ್ಲ.

ಈಗ ಪೆಟ್ರೋಲ್. ಬಂಕಿನಲ್ಲಿ ದುಬಾರಿ ಪೆಟ್ರೋಲಿಗೆ ‘ಪವರ್’, ‘ಸ್ಪೀಡ್’ ಅಂತ ಹೆಸರಿವೆ. ‘ಸ್ಪೀಡ್ ಹಾಕ್ಲಾ, ನಾರ್ಮಲ್ ಹಾಕ್ಲಾ?’ ಅಂತ ಕೇಳುತ್ತಾರೆ. ಇದರಿಂದ ಆಕ್ಟೇನ್ ಅಂದರೆ ಶಕ್ತಿ ಅನ್ನುವ ಅರ್ಥ ಊರಿಡೀ ಹರಡಿದೆ. ಆಕ್ಟೇನ್ ಹೇಳುವುದು ಬೇರೆ ಸಂಗತಿ. ಸಿಲಿಂಡರಿನಲ್ಲಿ ಒತ್ತಿದಾಗ, ಕಿಡಿಯಿಂದ ಹೊರಟ ಉರಿ ಬಂದು ತಲುಪುವ ಮುಂಚೆಯೇ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದು. ನಮ್ಮ ಲಾರಿಯ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಒತ್ತುವ ಪ್ರಮಾಣ, 7ಕ್ಕೆ 1ರ ಆಸುಪಾಸು. 91 ಆಕ್ಟೇನ್ ಧಾರಾಳವಾಗಿ ಸಾಕು. 100 ಆಕ್ಟೇನ್ ಹಾಕಿದರೆ ದುಡ್ಡು ಹೋಗುತ್ತದೆ, ಗಾಡಿಗೆ ಏನೂ ಸಿಗುವುದಿಲ್ಲ. ಇಂಗ್ಲಿಷಿನಿಂದ ಅನುವಾದ ಮಾಡುವವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ಅಮೆರಿಕದ ಬರಹಗಳಲ್ಲಿ 87 ಅಂತಿರುತ್ತದೆ. ಅಲ್ಲಿ ಲೆಕ್ಕ ಹಾಕುವ ರೀತಿ ಬೇರೆ. ಅಲ್ಲಿನ 87 ಹೆಚ್ಚು ಕಡಿಮೆ ಇಲ್ಲಿನ 91.

‘ಆಕ್ಟೇನ್’ಗೆ ‘ತಾಳಿಕೆ’ ಅನ್ನೋಣ ಅಂತ ಗೆಳೆಯರೊಬ್ಬರು ಹೇಳಿದರು. ಪದ ಚೆನ್ನಾಗಿದೆ. ಆದರೆ ತಾಳಿಕೆ ಬರುವುದು ಅಂದರೆ ತುಂಬಾ ದಿನ ಬರುವುದು. ‘ತಾಳಿಕೆ ಜಾಸ್ತಿ ಇರುವ ಪೆಟ್ರೋಲ್’ ಅಂದರೆ ಮೈಲೇಜ್ ಕೊಡುವ ಪೆಟ್ರೋಲ್ ಅಂತಾಗಿಬಿಡುತ್ತದೆ. ಸದ್ಯಕ್ಕೆ ಆಕ್ಟೇನ್ ಅಂತಲೇ ಬರೆದು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟಿದ್ದೇನೆ.

ಕೈಪಿಡಿಯಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾತೂ ಬರುತ್ತದೆ. ಆ ಸೀಸ ವಾಲ್ವ್ ಕೂರುವ ಜಾಗ (ವಾಲ್ವ್ ಸೀಟ್) ಸವೆಯದಂತೆ ಕಾಯುತ್ತಿತ್ತು. ನಮ್ಮ ದೇಶದಲ್ಲಿ 2000ದಲ್ಲೇ ಅದು ನಿಂತುಹೋಯಿತು. ಆ ಸಾಲನ್ನು ಅನುವಾದ ಮಾಡದೆ, ವಾಲ್ವ್ ಸೀಟ್ ಗಡಸು ಲೋಹದ್ದೇ ಅಂತ ಮೇಸ್ತ್ರಿಯಿಂದ ನೋಡಿಸಿ ಎಂದು ಬರೆದೆ.

ಎಲ್ಲಕ್ಕಿಂತ ಕಷ್ಟ ಕೊಟ್ಟಿರುವುದು ಎಥನಾಲ್, ಅಂದರೆ ಒಂದು ಬಗೆಯ ಆಲ್ಕೋಹಾಲ್. ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಪತ್ರಿಕೆಗಳು ‘ಎಥನಾಲ್ ಮಿಶ್ರಿತ’ ಅನ್ನುತ್ತವೆ. ನಾನು ‘ಬೆರಕೆ ಪೆಟ್ರೋಲ್’ ಅಂತ ಬರೆದು ಹೊಡೆದುಹಾಕಿದೆ. ಬೆರಕೆ ಅಂದ ತಕ್ಷಣ ಕಲಬೆರಕೆ ನೆನಪಾಗುತ್ತದೆ. ಸೀಮೆಎಣ್ಣೆ ಬೆರೆಸುವುದು ಮೋಸ, ಅದರಿಂದ ಆಕ್ಟೇನ್ ಬೀಳುತ್ತದೆ. ಎಥನಾಲ್ ಸೇರಿಸುವುದು ಕಾನೂನಿನ ಪ್ರಕಾರ, ಅದರಿಂದ ಆಕ್ಟೇನ್ ಏರುತ್ತದೆ. ಎರಡಕ್ಕೂ ಒಂದೇ ಮಾತು ಸಲ್ಲದು. ‘ಎಥನಾಲ್ ಸೇರಿದ ಪೆಟ್ರೋಲ್’ ಅಂದರೆ ಸಾಕಲ್ವಾ?

ಹಾಗಂತ ಹಳೇ ಗಾಡಿಗೆ ಅದು ಒಗ್ಗುತ್ತದೆ ಎಂದಲ್ಲ. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ. ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನ ಹಳೇ ಕೊಳೆಯನ್ನು ಬಿಡಿಸಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಾದ ಜೆಟ್ಟಿಗೆ ತಂದು ಕೂರಿಸುತ್ತದೆ. ತೀರಾ ಹಳೆಯ ಕಾರ್ಬುರೇಟರುಗಳಲ್ಲಿ ಪೆಟ್ರೋಲ್ ಮಟ್ಟ ಕಾಯಲು ಅರಗು ಬಳಿದ ಬೆಂಡಿನ ಫ್ಲೋಟ್ ಇರುತ್ತಿತ್ತು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಇವೆಲ್ಲ ಬರೆಯುವುದು ಸುಲಭ. ಬರೆಯಲು ಕಷ್ಟವಾದದ್ದು ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ. ಒಂದು ಕಿಲೋ ಬರೀ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್ 20 ಪಾಲು ಸೇರಿದಾಗ 13.5 ಕಿಲೋ ಸಾಕು. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಇದನ್ನು ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಗೊತ್ತಾಗುವುದಿಲ್ಲ, ಗಾಳಿ ಜಾಸ್ತಿಯಾಗುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು. ಅದರಿಂದ ಸ್ವಲ್ಪ ಸರಿದೂಗುತ್ತದೆ, ಪೂರ್ತಿ ಅಲ್ಲ. ಪ್ಲಗ್ ಬೆಳ್ಳಗಾಗಿದ್ದರೆ ಗಾಳಿ ಜಾಸ್ತಿ ಅಂತ ಅರ್ಥ, ಆಗ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಬೇಕು.

ಪೆಟ್ರೋಲ್ ಜಾಸ್ತಿಯಾದರೆ ಇಂಗ್ಲಿಷಿನವರು ‘ರಿಚ್’, ಗಾಳಿ ಜಾಸ್ತಿಯಾದರೆ ‘ಲೀನ್’ ಅನ್ನುತ್ತಾರೆ. ನಾನು ‘ಹದ’ ಅನ್ನುವ ಪದ ತಂದೆ. ಬೆಲ್ಲದ ಪಾಕಕ್ಕೆ ಹದ ಇರುವ ಹಾಗೆ ಇದಕ್ಕೂ ಒಂದು ಹದ ಇದೆ. ‘ಹದ ತಪ್ಪಿದೆ, ಗಾಳಿ ಜಾಸ್ತಿ’, ‘ಹದ ತಪ್ಪಿದೆ, ಪೆಟ್ರೋಲ್ ಜಾಸ್ತಿ’. ಓದಿ ತೋರಿಸಿದಾಗ ಚಿಕ್ಕಪ್ಪನವರಿಗೆ ಒಪ್ಪಿಗೆಯಾಯಿತು. ಮೇಸ್ತ್ರಿಗೂ ಅರ್ಥವಾಯಿತು.

ಕೊನೆಗೆ ಉಳಿದದ್ದು ಒಂದು ಶಬ್ದದ ಹೆಸರು. ಆಕ್ಟೇನ್ ಸಾಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡಾಗ, ಅದರಲ್ಲೂ ಲೋಡು ಹೊತ್ತು ಏರು ಹತ್ತುವಾಗ, ಎಂಜಿನ್ ಒಳಗಿಂದ ಟಣಟಣ ಅನ್ನುತ್ತದೆ. ಇಲ್ಲಿ ‘ನಾಕಿಂಗ್’ ಅಂತಾರೆ. ಆದರೆ ಟ್ಯಾಪೆಟ್ ಶಬ್ದಕ್ಕೂ ಬೇರಿಂಗ್ ಶಬ್ದಕ್ಕೂ ಅದೇ ಮಾತು ಬಳಸಿಬಿಡುತ್ತಾರೆ. ನಾನು ‘ಕುಟ್ಟು’ ಅಂತ ಯೋಚಿಸಿದೆ, ಅಷ್ಟು ಸಮಾಧಾನವಾಗಲಿಲ್ಲ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಈ ಶಬ್ದಕ್ಕೇ ಅಂತ ಬೇರೆ ಹೆಸರಿದೆಯೇ? ‘ಮಂದ’, ‘ಬಿಸಿ ಅಂಕಿ’ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಮುಂದಿನ ವಾರ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಗಾಡಿಯೊಳಗೆ ಅಂಟಿಸಬೇಕು. ಅಷ್ಟರಲ್ಲಿ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.