ಸಹಾಯ ಬೇಕು: ಮರೆವಿನ ಕಾಯಿಲೆಯ ಸಂಶೋಧನಾ ಲೇಖನ ಓದಿ ಹೇಳುವವರು ಉಡುಪಿ ಕಡೆ ಇದ್ದೀರಾ?

ನಮಸ್ಕಾರ. ನಾವು ಶಂಕರಪುರದವರು. ಅಮ್ಮನಿಗೆ ಅಲ್ಝೈಮರ್ಸ್ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಬಾಳೆನಾರು ಕೊಟ್ಟರೆ ಈಗಲೂ ಮಲ್ಲಿಗೆ ಚೆಂಡು ಕಟ್ಟುತ್ತಾರೆ, ಒಂದು ಮೊಗ್ಗೂ ಜಾರುವುದಿಲ್ಲ. ಕಟ್ಟಿ ಮುಗಿಸಿ ನನ್ನ ಮುಖ ನೋಡಿ, "ನೀವು ಯಾರ ಪೈಕಿ?" ಅಂತ ಕೇಳುತ್ತಾರೆ.

ನೆಂಟರೊಬ್ಬರು ಒಬ್ಬ ನರವಿಜ್ಞಾನಿಯ ಹೆಸರು ಹೇಳಿ, ಅವರು ಬರೆದ ಔಷಧ ತರಿಸಿ ಅಂತ ಒತ್ತಾಯ ಮಾಡುತ್ತಿದ್ದಾರೆ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಆ ನರವಿಜ್ಞಾನಿಯ ಹೆಸರು ಹಾಕಿ ಹುಡುಕಿದೆ. ಡಿಮೆನ್ಷಿಯಾ, ಪಾರ್ಕಿನ್ಸನ್ಸ್ ಬಗ್ಗೆ ಪುಟಗಟ್ಟಲೆ ಲೇಖನ ಉಂಟು. ಇಲಿಯ ಮೇಲೆ ಮಾಡಿದ್ದು ಯಾವುದು, ಮನುಷ್ಯರ ಮೇಲೆ ಪರೀಕ್ಷಿಸಿದ್ದು ಯಾವುದು, ಬೇರೆಯವರ ಕೆಲಸ ಒಟ್ಟು ಸೇರಿಸಿ ಬರೆದದ್ದು ಯಾವುದು ಅಂತ ನನಗೆ ತಿಳಿಯುತ್ತಿಲ್ಲ. ಬರೀ ಸಂಖ್ಯೆ ನೋಡಿ ನಂಬಲು ಧೈರ್ಯ ಬರುವುದಿಲ್ಲ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಮಿಲಾಯ್ಡ್ (ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಪ್ರೋಟೀನ್) ಲೇಖನವನ್ನು ಎರಡು ಸಾವಿರಕ್ಕೂ ಹೆಚ್ಚು ಸಲ ಬೇರೆಯವರು ಉಲ್ಲೇಖಿಸಿದ್ದರು. ಚಿತ್ರ ತಿದ್ದಿದ್ದು ಹೊರಬಿದ್ದು 2024ರಲ್ಲಿ ಅದನ್ನೇ ಹಿಂದಕ್ಕೆ ಪಡೆದರು.

ನ್ಯೂರಾಲಜಿ, ಫಾರ್ಮಕಾಲಜಿ ಕಲಿತವರು ಯಾರಾದರೂ ಒಂದು ಭಾನುವಾರ ಕೂತು ನೋಡಿಕೊಡಬಹುದಾ? ಪ್ರಿಂಟ್ ತೆಗೆದಿಟ್ಟಿದ್ದೇನೆ. ಮಣಿಪಾಲ, ಕಟಪಾಡಿ, ಎಲ್ಲಿಗೆ ಹೇಳಿದರೂ ಬರುತ್ತೇನೆ. ಈಗಿನ ಡೊನೆಪೆಜಿಲ್ ಮಾತ್ರೆ ನಿಲ್ಲಿಸಿಲ್ಲ, ಡಾಕ್ಟರನ್ನು ಕೇಳದೆ ನಿಲ್ಲಿಸುವುದೂ ಇಲ್ಲ. ದಯವಿಟ್ಟು ಇನ್‌ಬಾಕ್ಸ್ ಮಾಡಿ.