ಸಹಾಯ ಬೇಕು: ಸ್ತನ ಕ್ಯಾನ್ಸರ್ ಡೇಟಾದಲ್ಲಿ ಸ್ಟೇಜ್ ವ್ಯತ್ಯಾಸವೇ ಕಾಣುತ್ತಿಲ್ಲ

ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಮಾಹಿತಿಯ ದೊಡ್ಡ ಸಂಗ್ರಹ) ಸ್ತನ ಕ್ಯಾನ್ಸರ್ ಆರ್‌ಎನ್‌ಎ ಡೇಟಾ ತಗೊಂಡಿದ್ದೇನೆ. ರೋಗ ಮುಂದುವರಿದಂತೆ ಯಾವ ಜೀನ್‌ಗಳ ಎಕ್ಸ್‌ಪ್ರೆಷನ್ (ಜೀನ್ ಎಷ್ಟು ಸಕ್ರಿಯ ಅನ್ನೋದು) ಬದಲಾಗುತ್ತದೆ ಅಂತ ನೋಡಬೇಕು. ಪಿಸಿಎ ಪ್ಲಾಟ್‌ನಲ್ಲಿ (ಒಂದೇ ತರಹದ ಸ್ಯಾಂಪಲ್‌ಗಳು ಹತ್ತಿರ ಹತ್ತಿರ ಬರುವ ಚಿತ್ರ) ಸ್ಟೇಜ್ 1, ಸ್ಟೇಜ್ 3 ಎರಡೂ ಸೇರಿ ಪೂರ್ತಿ ಚಿತ್ರಾನ್ನ. ಸಬ್‌ಟೈಪ್ (ಸ್ತನ ಕ್ಯಾನ್ಸರ್‌ನ ಒಳವಿಧ) ಪ್ರಕಾರ ಬಣ್ಣ ಕೊಟ್ಟ ಕೂಡಲೇ ಬೇಸಲ್ ಒಂದು ಕಡೆ, ಲ್ಯೂಮಿನಲ್ ಇನ್ನೊಂದು ಕಡೆ! ಈಸ್ಟ್ರೊಜೆನ್ ರಿಸೆಪ್ಟರ್‌ನ ಜೀನ್ ಇಎಸ್‌ಆರ್1 ಲ್ಯೂಮಿನಲ್‌ನಲ್ಲಿ ಜಾಸ್ತಿ, ಬೇಸಲ್‌ನಲ್ಲಿ ತೀರಾ ಕಡಿಮೆ. ಅದು ಗೊತ್ತಿರುವ ವಿಷಯವೇ ಬಿಡಿ.

ಜೀನ್ ಎಕ್ಸ್‌ಪ್ರೆಷನ್ ಹೋಲಿಸುವ ಸಾಫ್ಟ್‌ವೇರ್ ಡಿಇಸೀಕ್2ರ ಡಿಸೈನ್‌ಗೆ (ಲೆಕ್ಕಕ್ಕೆ ತಗೊಳ್ಳುವ ಅಂಶಗಳ ಸೂತ್ರ) ಸಬ್‌ಟೈಪ್ ಸೇರಿಸಿದೆ. ಈಗ ಪಟ್ಟಿಯ ಮೇಲ್ಭಾಗದಲ್ಲಿ ಬರೀ ಕೊಲಾಜೆನ್, ಇಮ್ಯೂನ್ ಜೀನ್‌ಗಳು. ಗಡ್ಡೆಯ ತುಣುಕಿನಲ್ಲಿ ಕ್ಯಾನ್ಸರ್ ಅಲ್ಲದ ಜೀವಕೋಶಗಳೂ ಇರುತ್ತವೆ ಅಲ್ವಾ? ಹಾಗಾಗಿ ಇದು ರೋಗದ ಬದಲಾವಣೆಯಾ, ಸುಮ್ನೆ ಆ ಜೀವಕೋಶಗಳ ಪ್ರಮಾಣದ ವ್ಯತ್ಯಾಸವಾ ಅನ್ನೋದೇ ಗೊಂದಲ.

ಟ್ಯೂಮರ್ ಪ್ಯೂರಿಟಿಯನ್ನೂ (ತುಣುಕಿನಲ್ಲಿ ಕ್ಯಾನ್ಸರ್ ಜೀವಕೋಶಗಳ ಪಾಲು) ಡಿಸೈನ್‌ಗೆ ಸೇರಿಸಲಾ, ಅಥವಾ ಲ್ಯೂಮಿನಲ್ ಎ ಸಬ್‌ಟೈಪ್ ಒಂದನ್ನೇ ಇಟ್ಟುಕೊಂಡು ಸ್ಟೇಜ್‌ಗಳನ್ನು ಹೋಲಿಸಲಾ? ಮಾಡಿ ನೋಡಿದವರು ಯಾರಾದರೂ ಹೇಳ್ತೀರಾ?